ಪಾಯದ ಗುಂಡಿಯಲ್ಲಿ ರೇಷ್ಮೆ ಸೀರೆ

ನಮ್ಮ ಕಡೆ ಜನ ಕಲ್ಲನ್ನು ನಂಬುತ್ತಾರೆ. ಹೊಸಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಕಣ್ಣಿಗೆ ಬೀಳುವುದು ಕಲ್ಲೇ ಆದ್ದರಿಂದ ಅವರನ್ನು ದೂರುವಂತೆಯೂ ಇಲ್ಲ. ಒಂದರ ಮೇಲೊಂದು ಕೂತ ಬಂಡೆಗಳನ್ನು ನೋಡುತ್ತ ಬೆಳೆದವರಿಗೆ ಭೂಮಿ ಗಟ್ಟಿ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ನನಗೊಬ್ಬಳಿಗೆ ಆ ಧೈರ್ಯ ಬರಲಿಲ್ಲ. ಶಾಲೆಯಿಂದ ಹಂಪಿಗೆ ಕರೆದುಕೊಂಡು ಹೋದಾಗ ಉಳಿದ ಹುಡುಗಿಯರೆಲ್ಲ ದೊಡ್ಡ ಬಂಡೆಯ ನೆರಳಲ್ಲಿ ಕೂತು ಚಿತ್ರಾನ್ನ ತಿಂದರು. ನಾನು ಬಿಸಿಲಲ್ಲಿ ಕೂತು ತಿಂದೆ.

"ಅದು ಯಾವ ಕಾಲದಿಂದಲೋ ಹಂಗ ಐತವ್ವಾ, ಬೀಳಂಗಿಲ್ಲ" ಎಂದರು ಟೀಚರು.

"ಹಂಗಾದ್ರ ಇವತ್ತು ಬೀಳೋ ಪಾಳಿ ಇರಬೌದಲ್ರೀ" ಎಂದಿದ್ದೆನಂತೆ. ನನ್ನ ತಂಗಿ ಈಗಲೂ ಈ ಮಾತನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ.

ಇಂಥ ಸ್ವಭಾವದವಳು ಬದುಕಲು ಇರುವ ಒಂದೇ ದಾರಿ ಎಂದರೆ ಆ ಸ್ವಭಾವಕ್ಕೇ ಸಂಬಳ ಕೊಡುವ ಕೆಲಸ ಹಿಡಿಯುವುದು. ನಾನು ಮಣ್ಣು ಪರೀಕ್ಷೆ ಮಾಡುತ್ತೇನೆ. ಹಾಗೆಂದರೆ ಕಂಪ್ಲಿ ಕಡೆಯವರು ಕೂಡಲೇ ಕಬ್ಬಿಗೆ ಯಾವ ಗೊಬ್ಬರ ಹಾಕಲಿ ಎಂದು ಕೇಳುತ್ತಾರೆ. ಗೊಬ್ಬರದ ಮಣ್ಣಲ್ಲ, ಕಟ್ಟಡ ಹೊರುವ ಮಣ್ಣು ಎಂದು ಬಿಡಿಸಿ ಹೇಳಬೇಕು. ಪಾಯ ಹಾಕುವ ಮುಂಚೆ ನೆಲಕ್ಕೆ ತೂತು ಕೊರೆದು, ಎಷ್ಟು ಆಳದಲ್ಲಿ ಏನಿದೆ, ನೀರೆಲ್ಲಿದೆ, ಅದರ ಮೇಲೆ ಎಷ್ಟು ಭಾರ ಹೊರಿಸಬಹುದು, ಭೂಮಿ ನಡುಗಿದರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಹೇಳುವ ಕೆಲಸ. ಕೆಲವು ವರ್ಷ ಕಛ್ ಕಡೆ ದುಡಿದೆ. ಅಲ್ಲಿ ಈ ಕೆಲಸ ಯಾಕೆ ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಭೂಮಿ ಅವರನ್ನು ಒಮ್ಮೆ ಕೆಡವಿತ್ತು, ಅವರಿಗೆ ಗೊತ್ತಿತ್ತು. ಆಮೇಲೆ ಹೊಸಪೇಟೆಗೆ ಮರಳಿ ಬಂದು ಎರಡು ಕೋಣೆಯ ಲ್ಯಾಬು ಇಟ್ಟೆ. ಇಲ್ಲಿ ಎಲ್ಲರೂ ಕೇಳುತ್ತಾರೆ.

"ನಮ್ಮಲ್ಲಿ ಯಾತರ ಭೂಕಂಪರೀ ಮೇಡಂ?"

ಭೂಕಂಪದ ನಕ್ಷೆಯಲ್ಲಿ ನಮ್ಮ ಸೀಮೆ ಕಡಿಮೆ ಅಪಾಯದ್ದು, ನಿಜ. ಆದರೆ ಕಡಿಮೆ ಎಂದು ಬರೆದಿದ್ದನ್ನು ಜನ ಇಲ್ಲ ಎಂದು ಓದುತ್ತಾರೆ. ಇನ್ನೊಂದು ಸಂಗತಿಯನ್ನು ನಕ್ಷೆಯೂ ಹೇಳುವುದಿಲ್ಲ. ಭೂಕಂಪ ಒಂದೇ ಆದರೂ ಗಟ್ಟಿ ಬಂಡೆಯ ಮೇಲಿನ ಮನೆ ಕಾಣುವ ನಡುಕ ಬೇರೆ, ನೀರು ಕುಡಿದ ಸಡಿಲ ಮರಳಿನ ಮೇಲಿನ ಮನೆ ಕಾಣುವ ನಡುಕ ಬೇರೆ. ನದಿ ದಂಡೆಯ ಊರುಗಳಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ.

ತಂಗಿ ಡಾಕ್ಟರು. ಕಂಪ್ಲಿ ರಸ್ತೆಯಲ್ಲಿ, ಬುಕ್ಕಸಾಗರದ ಹತ್ತಿರ, ಒಂದು ಹೆರಿಗೆ ಆಸ್ಪತ್ರೆ ಕಟ್ಟಬೇಕೆಂಬುದು ಅವಳ ಬಹುದಿನದ ಹಟ. ಜಾಗ ಸಿಕ್ಕಿತು, ನಕ್ಷೆ ಆಯಿತು, ಮೂರು ಅಂತಸ್ತು ಎಂದು ತೀರ್ಮಾನವೂ ಆಯಿತು. ಆಮೇಲೆ ಒಂದು ಭಾನುವಾರ ಅವ್ವನ ಮನೆಯಲ್ಲಿ ಉಣ್ಣಲು ಕೂತಾಗ ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಕೇಳದೆ ರೊಟ್ಟಿ ಹಾಕಿದಳೆಂದರೆ ಹಿಂದೆ ಏನೋ ಇದೆ ಎಂದೇ ಅರ್ಥ.

"ಅಕ್ಕ, ಮಣ್ಣಿನ ಟೆಸ್ಟು ಬ್ಯಾರೇದವ್ರ ಕಡೆ ಮಾಡ್ಸೀನಿ. ಬ್ಯಾಸರ ಮಾಡ್ಕೋಬ್ಯಾಡ."

"ಯಾಕ, ನಾ ಸತ್ತೀನೇನು?"

"ನಿನ್ನ ಕೈಗೆ ಕೊಟ್ರ ಆಸ್ಪತ್ರಿ ಮ್ಯಾಲೇಳಂಗಿಲ್ಲ. ಅವ್ವನ ತುಳಸಿಕಟ್ಟಿಗೂ ಕಬ್ಬಿಣ ಹಾಕ್ಸಿದಾಕಿ ನೀನು."

ಅವ್ವ ತಲೆ ತಗ್ಗಿಸಿ ನಕ್ಕಳು. ಮಾತು ಸುಳ್ಳಲ್ಲ. ಆ ಮನೆಯಲ್ಲಿ ಅತಿ ಗಟ್ಟಿಯಾಗಿರುವುದು ಈಗಲೂ ತುಳಸಿಕಟ್ಟೆಯೇ. ಭೂಕಂಪವಾದರೆ ನಾವೆಲ್ಲ ಅದನ್ನೇ ತಬ್ಬಿಕೊಂಡು ನಿಲ್ಲಬೇಕು.

ರಿಪೋರ್ಟು ತೋರಿಸು ಎಂದೆ, ಫೋನಿನಲ್ಲಿ ತೋರಿಸಿದಳು. ಎರಡು ಕಡೆ ಕೊರೆದಿದ್ದರು, ಎರಡರಲ್ಲೂ ಸ್ವಲ್ಪ ಆಳದಲ್ಲೇ ಬಂಡೆ ಸಿಕ್ಕಿತ್ತು, ಅಲ್ಲಿಗೆ ನಿಲ್ಲಿಸಿದ್ದರು. ನಮ್ಮ ಸೀಮೆಯಲ್ಲಿ ಮಾತ್ರ ಆಗುವ ತಪ್ಪು ಇದು. ಬೇರೆ ಕಡೆ ಕೊರೆಯುವ ಕೊಳವೆ ಕಲ್ಲಿಗೆ ಬಡಿದರೆ ಏನಿರಬಹುದು ಎಂದು ಇನ್ನಷ್ಟು ಕೊರೆಯುತ್ತಾರೆ. ನಮ್ಮಲ್ಲಿ ಕಲ್ಲು ಬಡಿದ ಶಬ್ದ ಕೇಳಿದರೆ ಸಾಕು, "ಬಂಡಿ ಸಿಕ್ತು" ಎಂದು ಯಂತ್ರ ಆರಿಸಿ ಚಹಾ ಕುಡಿಯಲು ಹೋಗುತ್ತಾರೆ. ನಮ್ಮಲ್ಲಿ ಬಂಡೆಗಳು ನೆಲದ ಮೇಲೆ ಹೇಗೆ ಬಿಡಿಬಿಡಿಯಾಗಿ ಬಿದ್ದಿವೆಯೋ ಹಾಗೆಯೇ ನೆಲದ ಒಳಗೂ ಹೂತುಕೊಂಡಿವೆ, ಪಾಯಸದೊಳಗಿನ ದ್ರಾಕ್ಷಿಯ ಹಾಗೆ. ದ್ರಾಕ್ಷಿ ಸಿಕ್ಕ ಮಾತ್ರಕ್ಕೆ ಪಾತ್ರೆಯ ತಳ ಸಿಕ್ಕಿತು ಎನ್ನಲಾಗುವುದಿಲ್ಲ.

ಇದನ್ನು ಹೇಳಿದೆ. "ಊಟ ಮಾಡು ಅಕ್ಕ" ಎಂದಳು.

ಪೂಜೆಯ ದಿನ ಬೆಳಿಗ್ಗೆ ಹೊಸ ರೇಷ್ಮೆ ಸೀರೆ ಉಟ್ಟು ಹೋದೆ. ಏನೂ ಮಾತಾಡುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ಸುತ್ತ ಭತ್ತದ ಗದ್ದೆ, ಪಕ್ಕದ ಕಾಲುವೆಯಲ್ಲಿ ತುಂಬು ನೀರು. ಜಾಗವೂ ಮೊದಲು ಗದ್ದೆಯೇ ಆಗಿತ್ತು. ಸಂಡೂರು ಕಡೆಯಿಂದ ಟಿಪ್ಪರುಗಳಲ್ಲಿ ಕೆಂಪು ಮಣ್ಣು ತಂದು ಸುರಿದು ರಸ್ತೆಯ ಮಟ್ಟಕ್ಕೆ ಏರಿಸಿದ್ದರು. ಪಾಯದ ಗುಂಡಿಗಳು ತೆರೆದಿದ್ದವು. ಕಾಂಕ್ರೀಟಿನ ಲಾರಿ ರಸ್ತೆ ಬದಿಯಲ್ಲಿ ಹೊಟ್ಟೆ ತಿರುಗಿಸುತ್ತ ನಿಂತಿತ್ತು. ಶಾಮಿಯಾನದ ಕೆಳಗೆ ಬೀಗರು, ಅತ್ತ ಒಲೆಯ ಮೇಲೆ ಹುಗ್ಗಿ.

ಈಶಾನ್ಯದ ಗುಂಡಿಯಲ್ಲಿ ಒಂದು ಕಲ್ಲು ಬೆನ್ನು ತೋರಿಸಿತ್ತು. ಪಾಪಿನಾಯಕನಹಳ್ಳಿಯ ಮೇಸ್ತ್ರಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆಸಿದ್ದ. ಪಾಯದಲ್ಲಿ ಬಂಡೆ ಕಂಡರೆ ನಮ್ಮಲ್ಲಿ ಹೀಗೆ ಮಾಡುತ್ತಾರೆ. ಒಮ್ಮೆ ಕುಂಕುಮ ಬಿತ್ತೆಂದರೆ ಆ ಕಲ್ಲು ದೇವರ ಲೆಕ್ಕ. ಅದನ್ನು ಒಡೆಯುವುದಿಲ್ಲ, ಕೊರೆಯುವುದಿಲ್ಲ, ಅನುಮಾನದಿಂದ ನೋಡುವುದೂ ಇಲ್ಲ.

ನಾನು ನೋಡಿದೆ. ಕಲ್ಲಿನ ಬೆನ್ನು ದುಂಡಗಿತ್ತು, ನಾಲ್ಕೂ ಕಡೆ ಒಳಮುಖವಾಗಿ ಇಳಿದಿತ್ತು. ಪಕ್ಕದ ಗುಂಡಿಗಳು ಇದಕ್ಕಿಂತ ಆಳವಾಗಿದ್ದರೂ ಅಲ್ಲಿ ಕಲ್ಲಿನ ಸುಳಿವಿಲ್ಲ, ತಳದಲ್ಲಿ ಒದ್ದೆ. ಕೂಲಿಯವನ ಕೈಯಿಂದ ಹಾರೆ ಇಸಿದುಕೊಂಡು ಗುಂಡಿಗಿಳಿದು, ಕಲ್ಲಿನ ಮಗ್ಗುಲಿಗೆ ನಿಲ್ಲಿಸಿ ಒತ್ತಿದೆ. ನನ್ನ ತೋಳಿನ ಬಲ ಎಷ್ಟೆಂದು ಮನೆಯವರಿಗೆಲ್ಲ ಗೊತ್ತು, ಉಪ್ಪಿನಕಾಯಿ ಬಾಟಲಿಯ ಮುಚ್ಚಳವೂ ನನಗೆ ತೆರೆಯಲು ಬರುವುದಿಲ್ಲ. ಹಾರೆ ಮಾತ್ರ ಮೊಸರಿಗೆ ಚಮಚ ಇಳಿದಂತೆ ಇಳಿಯಿತು.

"ಮೇಸ್ತ್ರಿ, ಕಾಂಕ್ರೀಟ್ ಹಾಕಬ್ಯಾಡ್ರಿ. ಇದು ಬಂಡಿ ಅಲ್ಲ, ಗುಂಡುಕಲ್ಲು. ಕೆಳಗ ಮರಳೈತಿ."

ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಕ್ಕಾರ, ಹಂಪ್ಯಾಗ ಕಲ್ಲುಮಂಟಪ ಎಷ್ಟು ವರ್ಷದಿಂದ ನಿಂತಾವು? ಯಾರರ ಮಣ್ಣು ಟೆಸ್ಟ್ ಮಾಡ್ಸಿದ್ರೇನು?"

"ಅವ್ರು ಬಂಡಿ ಮ್ಯಾಲ ಕಟ್ಟಿದ್ರು. ನೀವು ಭತ್ತದ ಗದ್ದ್ಯಾಗ ಕಟ್ಟಾಕ ಹೊಂಟೀರಿ."

ಶಾಮಿಯಾನದಿಂದ ತಂಗಿಯ ಗಂಡ ಓಡಿ ಬಂದರು. ಬ್ಯಾಂಕಿನಲ್ಲಿ ಕೆಲಸ, ಜಗಳವೆಂದರೆ ಆಗದ ಮನುಷ್ಯ. "ಅಕ್ಕಾರ, ಮ್ಯಾಲ ಬರ್ರಿ, ಆಮ್ಯಾಲ ಮಾತಾಡೋಣು. ಮುಹೂರ್ತ ಮೀರತೈತಿ."

ಮಾತಾಡಿದೆ. ಯಾರೂ ಕೇಳಲಿಲ್ಲ. ಮೇಸ್ತ್ರಿ ಲಾರಿಯವನಿಗೆ ಹಿಂದೆ ಬಾ ಎಂದು ಕೈ ಮಾಡಿದ. ಆಗ ನಾನು ಮಾಡಿದ್ದನ್ನು ಧೈರ್ಯ ಎನ್ನಲಾರೆ. ಕಾಲು ನಡುಗುತ್ತಿದ್ದವು, ನಿಲ್ಲಲು ಆಗಲಿಲ್ಲ, ಹಾಗಾಗಿ ಕೂತೆ. ಹಾರ ಹಾಕಿಸಿಕೊಂಡ ಆ ಕಲ್ಲಿನ ಪಕ್ಕದಲ್ಲಿ, ಒದ್ದೆ ಮಣ್ಣಿನಲ್ಲಿ, ಹೊಸ ಸೀರೆಯಲ್ಲಿ. ಕೂತ ಮೇಲೆ ಏಳಬಾರದೆಂದು ತೀರ್ಮಾನಿಸಿದೆ.

"ಹಾಕ್ರಿ ಕಾಂಕ್ರೀಟು" ಎಂದೆ. "ನನ್ನ ಮ್ಯಾಲೇ ಹಾಕ್ರಿ. ಕಂಬಕ್ಕ ಇನ್ನಷ್ಟು ಗಟ್ಟಿ."

ಗುಂಡಿಯ ಸುತ್ತ ತಲೆಗಳು ಮೂಡಿದವು. ಯಾರೋ ಫೋನು ಹಿಡಿದರು. ಬೀಗರ ಪೈಕಿ ಒಬ್ಬ ಮುದುಕಿ "ಮೈಮ್ಯಾಲ ದೇವ್ರು ಬಂದೈತೇನು?" ಎಂದಳು. "ಇಲ್ಲಬೇ, ಆಕಿ ಮೊದ್ಲಿಂದ ಹಿಂಗ" ಎಂದಿತು ಇನ್ನೊಂದು ದನಿ. ಅದು ಅವ್ವನದು.

ನೆರವಿಗೆ ಬಂದವರು ನಾನು ಎಣಿಸಿಯೇ ಇರದ ಪೂಜೆಯ ಆಚಾರ್ಯರು. ಅವರಿಗೆ ಹೊಸಪೇಟೆಯಲ್ಲಿ ಇನ್ನೊಂದು ಗೃಹಪ್ರವೇಶವಿತ್ತು. "ಮುಹೂರ್ತ ಇರೋದು ಇಟ್ಟಿಗೀಗೆ" ಎಂದರು ಗಡಿಯಾರ ನೋಡುತ್ತ. "ಇಟ್ಟಿಗಿ ಇಟ್ಟು ನವಧಾನ್ಯ ಹಾಕಿದ್ರ ಮುಗೀತು. ಕಾಂಕ್ರೀಟಿಗೆ ಶಾಸ್ತ್ರದಾಗ ಮುಹೂರ್ತ ಹೇಳಿಲ್ರೀ." ನನ್ನ ತಲೆಯ ಮೇಲಿಂದಲೇ ಇಟ್ಟಿಗೆ ಇಳಿಯಿತು, ನವಧಾನ್ಯ ಬಿತ್ತು, ಅದರಲ್ಲಿ ಅರ್ಧ ನನ್ನ ಕೂದಲಿಗೆ. ಆಚಾರ್ಯರು ಹೋದರು. ಮುಹೂರ್ತ ಉಳಿಯಿತು. ಲಾರಿ ನಿಂತೇ ಇತ್ತು.

ಆಗ ತಂಗಿ ಇಳಿದು ಬಂದಳು. ಅವಳ ಮುಖ ನೋಡಿದೊಡನೆ, ಇಷ್ಟು ಹೊತ್ತು ತಮಾಷೆಯಂತಿದ್ದದ್ದು ತಮಾಷೆಯಲ್ಲ ಎಂದು ಗೊತ್ತಾಯಿತು.

"ಎಷ್ಟು ಮಂದಿ ಮುಂದ ಮಾನ ಕಳೀತಿ ಅಕ್ಕ?" ಎಂದಳು, ಮೇಲಿನವರಿಗೆ ಕೇಳದಷ್ಟು ಸಣ್ಣಗೆ. "ಹೋದ ತಿಂಗ್ಳು ಎಮ್ಮಿಗನೂರಿನ ಹುಡುಗಿ ಗೂಡ್ಸ್ ಆಟೋದಾಗ ಹಡದ್ಲು. ಹೊಸಪೇಟಿ ಮುಟ್ಟಲಿಲ್ಲ. ಆ ಕೂಸಿನ ಮಕಕ್ಕ ನಾನೇ ಬಟ್ಟಿ ಮುಚ್ಚೀನಿ. ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ಹೇಳಿರಲಿಲ್ಲ ಅವಳು.

"ನಿನ್ನ ಭೂಕಂಪ ಯಾವಾಗ ಬರ್ತೈತೋ ನಿನಗೂ ಗೊತ್ತಿಲ್ಲ. ಹೆರಿಗಿ ದಿನಾ ಬರ್ತಾವ. ನೀ ಒಂದು ತಿಂಗ್ಳು ತಡ ಮಾಡ್ಸಿದ್ರ ಆ ತಿಂಗ್ಳು ಯಾರು ಲೆಕ್ಕ ಕೊಡ್ತಾರ?"

ನನ್ನ ಲೆಕ್ಕದಲ್ಲಿ ಎಂದೋ ಬರಬಹುದಾದ ಒಂದು ದಿನ. ಅವಳ ಲೆಕ್ಕದಲ್ಲಿ ನಾಳೆ ಬೆಳಿಗ್ಗೆ. ಎದ್ದು ಬಿಡೋಣ ಎನಿಸಿತು. ಏಳಲಿಲ್ಲ.

"ಹೊಟ್ಟಿ ಕೊಯ್ಯೂಕಿಂತ ಮೊದ್ಲು ನೀ ಸ್ಕ್ಯಾನ್ ಮಾಡ್ಸಂಗಿಲ್ಲೇನು?" ಎಂದೆ. "ಅರ್ಧಕ್ಕ ನಿಲ್ಸಿದ ಸ್ಕ್ಯಾನ್ ಚೆಂದ ಐತಿ ಅಂತ ಹೊಟ್ಟಿ ಕೊಯ್ತೀಯೇನು?"

"ಸ್ಕ್ಯಾನ್ ಆಗೈತಿ. ರಿಪೋರ್ಟ್ ಐತಿ."

"ಆ ರಿಪೋರ್ಟ್ ಇಂಥಾ ಕಲ್ಲು ತಾಗಿದ ಕೂಡ್ಲೇ ನಿಲ್ಸಿ ಬರದಿದ್ದು. ದಿನಾ ಹೆರಿಗಿ ಬರ್ತಾವ ಅಂದೆಲ್ಲ, ಬಂದೋರು ಎಲ್ಲಿ ಮಲಗ್ತಾರ? ಭೂಮಿ ನಡುಗಿದ್ರ ನಾನು ನೀನು ಓಡಿ ಹೊರಗ ಬರ್ತೀವಿ. ಹೊಲಿಗಿ ಹಾಕಿಸ್ಕೊಂಡಾಕಿ ಓಡ್ತಾಳೇನು?"

ತಂಗಿ ಬಗ್ಗಿ ಹಾರೆ ಎತ್ತಿಕೊಂಡು, ನಾನು ಚುಚ್ಚಿದ ಜಾಗ ಬಿಟ್ಟು ಬೇರೆ ಕಡೆ ತಾನೇ ಒತ್ತಿ ನೋಡಿದಳು. ಅಲ್ಲೂ ಇಳಿಯಿತು.

"ಒಂದು ತೂತು" ಎಂದಳು. "ಒಂದೇ. ಬಂಡಿ ಬಂತಂದ್ರ, ಆಸ್ಪತ್ರಿ ಓಪನಿಂಗ್ ತನಕ ನೀ ಈ ಕಡೆ ತಲಿ ಹಾಕಂಗಿಲ್ಲ."

ಲಾರಿಯ ಕಾಂಕ್ರೀಟು ಮಧ್ಯಾಹ್ನದವರೆಗೆ ಕಾಯುವಂಥದ್ದಲ್ಲ. ತಂಗಿ ಗುಂಡಿಯಿಂದ ಹತ್ತಿ, ಅದನ್ನು ಪಕ್ಕದ ಗದ್ದೆಯವರ ಕಣಕ್ಕೆ ಸುರಿಸಿಬಿಟ್ಟಳು. ಅವರು ಮೂರು ಸುಗ್ಗಿಯಿಂದ ಕಣಕ್ಕೆ ಕಾಂಕ್ರೀಟು ಹಾಕಿಸಬೇಕು ಎನ್ನುತ್ತಿದ್ದರಂತೆ. ಸುರಿಯುವುದನ್ನು ನೋಡುತ್ತಿದ್ದ ಮೇಸ್ತ್ರಿಯ ಮುಖ, ಮಗಳನ್ನು ಬೇರೆಯವರ ಮನೆಗೆ ಧಾರೆ ಎರೆದವನ ಮುಖದಂತಿತ್ತು.

ನನ್ನ ಲ್ಯಾಬಿನಿಂದ ಸಾಮಾನು ಬರಬೇಕಿತ್ತು. ನೋಡಲು ಏನೇನೂ ಗಂಭೀರವಲ್ಲದ ಸಾಮಾನು: ಮೂರು ಕಾಲಿನ ಕಬ್ಬಿಣದ ಚೌಕಟ್ಟು, ರಾಟೆ, ಹಗ್ಗ, ಒಂದು ಕೊಳವೆ, ಅದರ ತಲೆಯ ಮೇಲೆ ಬೀಳುವ ಭಾರ. ಆ ಭಾರ ಎಷ್ಟು ಸಲ ಬಿದ್ದರೆ ಕೊಳವೆ ಎಷ್ಟು ಇಳಿಯುತ್ತದೆ ಎಂದು ಎಣಿಸುವುದೇ ಪರೀಕ್ಷೆ. ಹೆಚ್ಚು ಪೆಟ್ಟು ತಿಂದರೆ ಗಟ್ಟಿ ನೆಲ, ಕಡಿಮೆ ತಿಂದರೆ ಸಡಿಲ. ನೆಲದ ಸ್ವಭಾವ ತಿಳಿಯಲು ಇಷ್ಟೆಲ್ಲ ಓದಿ ಕೊನೆಗೆ ಹೊಡೆದು ನೋಡುವುದೇ ಎಂದು ಅವ್ವ ಒಮ್ಮೆ ಕೇಳಿದ್ದಳು.

ಸಾಮಾನು ಬರುವ ತನಕ ನಾನು ಹುಗ್ಗಿ ತಿಂದೆ. ರುಚಿ ನೆನಪಿಲ್ಲ. ಚಿಂತೆ ನನಗೆ ಹೊಸತಲ್ಲ, ಆದರೆ ಆ ದಿನದ್ದು ಬೇರೆ ಜಾತಿಯದು. ಒಂದು ವೇಳೆ ಕೆಳಗೆ ನಿಜವಾಗಿ ಬಂಡೆಯೇ ಇದ್ದರೆ? ತಂಗಿಗೆ ಒಳ್ಳೆಯದು, ನಾನು ಸಂತೋಷಪಡಬೇಕು. ನಾನು ಮಾತ್ರ ಎಲೆಯ ಮುಂದೆ ಕೂತು ನೆಲ ಕೆಟ್ಟದಾಗಿರಲಿ ಎಂದು ದೇವರನ್ನು ಬೇಡುತ್ತಿದ್ದೆ. ಒಡಹುಟ್ಟಿದವಳ ಜಾಗಕ್ಕೆ ಇಂಥ ಹರಕೆ ಹೊತ್ತ ಅಕ್ಕ ಇನ್ನೊಬ್ಬಳಿರಲಾರಳು.

ಕಲ್ಲಿನಿಂದ ಒಂದು ಮಾರು ದೂರದಲ್ಲಿ ಚೌಕಟ್ಟು ನಿಲ್ಲಿಸಿದರು. ಮೊದಲು ಸಂಡೂರಿನ ಕೆಂಪು ಮಣ್ಣು, ಭಾರ ಬೀಳುತ್ತ ಹೋಯಿತು, ಮಣ್ಣು ಚೆನ್ನಾಗಿಯೇ ತಡೆಯಿತು. ಮೇಸ್ತ್ರಿ ಜೋರಾಗಿ ಎಣಿಸಿದ, ತನ್ನದೇ ಲೆಕ್ಕವೆಂಬಂತೆ. ಆಮೇಲೆ ಗದ್ದೆಯ ಹಳೆಯ ಎರೆ ಮಣ್ಣು ಬಂತು. ಎಣಿಕೆ ಇಳಿಯಿತು. ಅದರ ಕೆಳಗೆ ಕೊಳವೆಯನ್ನು ಇಳಿಸಿ, ಭಾರವನ್ನು ಅದರ ತಲೆಯ ಮೇಲೆ ಮೆಲ್ಲಗೆ ಇಟ್ಟರು. ಇನ್ನೂ ಹಗ್ಗ ಎಳೆದಿರಲಿಲ್ಲ. ಕೊಳವೆ ತಾನಾಗಿ ಇಳಿಯತೊಡಗಿತು.

ಮೇಸ್ತ್ರಿ "ಒಂದು" ಎನ್ನಲು ಬಾಯಿ ತೆರೆದವನು ಹಾಗೇ ನಿಂತ.

ಕೊಳವೆ ಎಳೆದು ತೆರೆದರೆ ಬೂದು ಬಣ್ಣದ ಸಣ್ಣ ಮರಳು, ನೀರು ಸೋರುತ್ತಿತ್ತು. ನದಿ ಯಾವಾಗಲೋ ಬಿಟ್ಟುಹೋದದ್ದು. ಅಡುಗೆಯವರಿಂದ ಸ್ಟೀಲ್ ಲೋಟ ತರಿಸಿ, ಅದರಲ್ಲಿ ಆ ಮರಳನ್ನು ಹಗುರವಾಗಿ ತುಂಬಿ ನೀರು ಹಾಕಿದೆ. ಮೇಲೆ ಒಂದು ದಪ್ಪ ನಟ್ಟು ಇಟ್ಟೆ. ನಿಂತಿತು. ಲೋಟವನ್ನು ತಂಗಿಯ ಕೈಗೆ ಕೊಟ್ಟು ಬೆರಳಿನಿಂದ ಬಡಿ ಎಂದೆ. ನಾಲ್ಕಾರು ಸಲ ಬಡಿದಳು. ಮರಳಿನ ಮೇಲೆ ನೀರು ಒಸರಿ ಬಂತು, ನಟ್ಟು ಒಂದು ಕಡೆ ವಾಲಿ ಮುಳುಗಿತು.

"ಭೂಮೀನ ಯಾರು ಹಿಂಗ ಲೋಟ ಬಡದಂಗ ಬಡೀತಾರ್ರೀ ಅಕ್ಕಾರ?" ಎಂದ ಮೇಸ್ತ್ರಿ.

"ಬಡದಾಗ ಅದಕ್ಕ ಭೂಕಂಪ ಅಂತಾರ ಮೇಸ್ತ್ರಿ."

ತಂಗಿ ಲೋಟದೊಳಗೇ ನೋಡುತ್ತಿದ್ದಳು. ಗೆದ್ದೆನೆಂಬ ಸಂತೋಷ ನನಗಾಗಬೇಕಿತ್ತು. ಅವಳ ಹೆಗಲು ಇಳಿದದ್ದು ಕಂಡು ಆಗಲಿಲ್ಲ. "ಈಗ ಏನು ಮಾಡ್ಬೇಕು?" ಎಂದು ಕೇಳಿದಳು, ಅಕ್ಕನನ್ನಲ್ಲ, ಕೆಲಸ ಬಲ್ಲವಳನ್ನು ಕೇಳುವಂತೆ.

ಹೇಳಿದೆ. ಉಳಿದ ಮೂಲೆಗಳಲ್ಲೂ ಕೊರೆಯಬೇಕು. ಮರಳನ್ನು ದಾಟಿ, ಕೆಳಗಿನ ನಿಜವಾದ ಬಂಡೆಯವರೆಗೆ ಕಾಂಕ್ರೀಟು ಕಂಬಗಳನ್ನು ಇಳಿಸಿ, ಬಂಡೆಯೊಳಗೆ ಊರಿ, ಅದರ ಮೇಲೆ ಕಟ್ಟಬೇಕು. ತಿಂಗಳುಗಳು ಹಿಡಿಯುತ್ತವೆ. ಮುಚ್ಚಿಡದೆ ಹೇಳಿದೆ.

ಅವಳು ಆ ತಿಂಗಳುಗಳನ್ನು ಸುಮ್ಮನೆ ಬಿಡಲಿಲ್ಲ. ಬುಕ್ಕಸಾಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಎರಡು ಮಂಚ ಹಾಕಿಸಿ, ಒಬ್ಬ ನರ್ಸನ್ನು ಕೂರಿಸಿ, ಹೆರಿಗೆ ಶುರು ಮಾಡಿದಳು. ನಾನು ನೋಡಲು ಹೋದೆ. ಗೋಡೆ ತಟ್ಟಿದೆ, ತೊಲೆ ನೋಡಿದೆ, ಮಂಚವನ್ನು ಕಿಟಕಿಯ ಪಕ್ಕದಿಂದ ಬಾಗಿಲ ಕಡೆ ಸರಿಸಬಾರದೇ ಎಂದೆ. ಒಳಗೆ ಒಬ್ಬಳಿಗೆ ನೋವು ಶುರುವಾಗಿತ್ತು.

"ಲೇ ಅಕ್ಕ, ಹೊರಗ ನಡಿ" ಎಂದಳು ತಂಗಿ, ಕೈಗೆ ಗ್ಲೌಸು ಏರಿಸುತ್ತ. "ಆಕಿಗಿಂತ ನೀ ಜಾಸ್ತಿ ಉಸ್ರು ಬಿಡಾಕತ್ತಿ."

ಊರಲ್ಲಿ ನನಗೆ ಹೊಸ ಹೆಸರು ಬಂದಿದೆ. ಗುಂಡಿಯಲ್ಲಿ ಕೂತ ವಿಡಿಯೋ ಹೊಸಪೇಟೆಯಿಂದ ಸಂಡೂರಿನವರೆಗೆ ಎಲ್ಲರ ಫೋನಿನಲ್ಲೂ ತಿರುಗಿತು. ತರಕಾರಿ ಕೊಳ್ಳಲು ಹೋದರೆ "ಭೂಕಂಪದ ಅಕ್ಕಾರು ಬಂದ್ರು, ಟೊಮ್ಯಾಟೊ ಅಲ್ಲಾಡದಂಗ ಇಡ್ರಲೇ" ಎನ್ನುತ್ತಾರೆ. ಭೂಕಂಪ ಎಲ್ಲಿ ಎಂದೂ ಕೇಳುತ್ತಾರೆ. ಬರದೇ ಇರಲಿ. ನನ್ನ ಮಾತು ನಿಜವಾಯಿತೆಂದು ಯಾರೂ ಬಂದು ಹೇಳುವಂಥ ದಿನ ನನಗೆ ಬೇಕಾಗಿಲ್ಲ. ಸಾಯುವ ತನಕ ಹೀಗೇ ನಗೆಗೀಡಾಗಲು ತಯಾರಿದ್ದೇನೆ. ಆದರೆ ಕೊರೆಯದೆ ರಿಪೋರ್ಟು ಬರೆದುಕೊಡಿ, ಪಕ್ಕದ ಸೈಟಿನದನ್ನೇ ನಕಲು ಮಾಡಿಕೊಡಿ ಎಂದು ಬಂದವರಿಗೆ ಆಗುವುದಿಲ್ಲ ಎಂದೇ ಹೇಳುತ್ತೇನೆ, ಹೇಳುವಾಗ ಈಗಲೂ ಕಾಲು ನಡುಗುತ್ತವೆ, ಆದ್ದರಿಂದ ಕೂತುಕೊಂಡು ಹೇಳುತ್ತೇನೆ.

ಹೋದ ವಾರ ಮೊದಲ ಕಂಬಕ್ಕೆ ಕೊರೆಯುವಾಗ ಹೋಗಿದ್ದೆ. ಮರಳು ಮುಗಿದು, ಯಂತ್ರದ ದನಿ ಬದಲಾಗಿ, ಕೆಸರಿನ ಜೊತೆ ಕಲ್ಲಿನ ಚೂರು ಮೇಲೆ ಬಂತು. ಮೇಸ್ತ್ರಿ ಒಂದು ಹಿಡಿ ತೊಳೆದು ನನ್ನ ಮುಂದೆ ಹಿಡಿದ. ಹೊಳೆಯುವ, ಗಟ್ಟಿಯಾದ, ಕುಂಕುಮ ಕಾಣದ ಕಲ್ಲು.

"ಬಂತ್ರೀ ಬಂಡಿ. ಈಗರ ಸಾಕು ಅಂತೀರೋ ಇಲ್ಲೋ?"

"ಇನ್ನಷ್ಟು ಹೋಗ್ಲಿ. ಇದೂ ಗುಂಡುಕಲ್ಲು ಇದ್ರ?"

"ಪಾತಾಳಕ್ಕ ಹೊಂಟೇವಲ್ರೀ ಅಕ್ಕಾರ. ಇನ್ನು ಕೆಳಗ ಹೋದ್ರ ಆ ಕಡೆಯಿಂದ ಯಾರರ ಬೈತಾರ."

ಕೂಲಿಯವರು ನಕ್ಕರು. ನನಗೂ ನಗು ಬಂತು. ತಂಗಿ ಬಾಡಿಗೆ ಮನೆಯಿಂದ ನೇರ ಬಂದಿದ್ದಳು, ರಾತ್ರಿ ನಿದ್ದೆಯಿಲ್ಲದ ಕಣ್ಣು. ಕಾಂಕ್ರೀಟು ಕಣಕ್ಕೆ ಹೋದ ದಿನದಿಂದ ಈ ವಿಷಯದಲ್ಲಿ ನನಗೆ ಒಳ್ಳೆಯ ಮಾತನ್ನೂ ಆಡಿರಲಿಲ್ಲ, ಕೆಟ್ಟ ಮಾತನ್ನೂ ಆಡಿರಲಿಲ್ಲ. ಮೇಸ್ತ್ರಿಯ ಅಂಗೈಯಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ನೋಡಿ, ಅಲ್ಲೇ ಬಿಸಾಕಿದಳು.

"ಇಳಿಸ್ರಿ ಮೇಸ್ತ್ರಿ" ಎಂದಳು. "ಅಕ್ಕ ಸಾಕು ಅನ್ನೋತನಕ ಇಳಿಸ್ರಿ."

ಯಂತ್ರ ಮತ್ತೆ ಶುರುವಾಯಿತು. ನಾನು ಸಾಕು ಅನ್ನಲಿಲ್ಲ.